ಹಸಿ ಪ್ರೂಫು

ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳ ನಿಂತ ಮ್ಯಾಲ
ರಾತ್ರಿ ಹತ್ತೂವರಿಗೆ ನನ್ನ ಕೆಲಸ ಸುರು.
ಅಟ್ಟದ ಮ್ಯಾಲಿನ ಖೋಲಿ, ಕುಂಯ್‌ಗುಡೋ ಫ್ಯಾನು,
ಪರದಿ ಮ್ಯಾಲ ಒಂದ ಹೆಸರು:
ಅಕ್ಷರ ಜೋಡಿಸೋ ಲೈಬ್ರರಿ, ಮೂರು ಪಾಯಿಂಟ್ ಒಂಬತ್ತು.
ಕೆಳಗ, ಅದನ್ನ ಬರದವರ ಮಾತು:
"ಇನ್ನೂ ಕಟ್ಟಾಕತ್ತೇವಿ. ನಂಬಿ ಕೂಡಬ್ಯಾಡ್ರಿ."

ಬರದವರು ಎಲ್ಲೋ. ಬಳಸವರು ಎಲ್ಲೆಲ್ಲೋ.
ನಡುವ ನಾನು, ಪೊಟ್ಟಣಾ ಕಟ್ಟಾಕಿ,
ಕಿರಾಣಿ ಅಂಗಡ್ಯಾಗ ಜೋತಾಡೋ ದಾರದುಂಡಿ ಇದ್ದಂಗ.
ಪಗಾರಿಲ್ಲ. ಬೈಗುಳ ಅದಾವು.

ಹ್ವಾದ ವರ್ಷ ಹಿಂಗ ಒಂದು ಹಸೀದು ಕಟ್ಟಿ
ಎಲ್ಲಾರ ಮನಿಗೂ ಬಿಟ್ಟಿದ್ನಿ,
ಹೊಸಾದು, ಚುರುಕು ಐತಿ ಅಂತ.
ಎಂಟು ದಿನದಾಗ
ಸ್ಟೇಶನ್ ರಸ್ತೆದ ಪ್ರೆಸ್ಸಿನಾಗ ಸಾವಿರ ಲಗ್ನಪತ್ರಿಕಿ,
ಒಂದರಾಗೂ ಅರ್ಕಾವತ್ತಿಲ್ಲ.
ದುರ್ಗಪ್ಪ ಹೋಗಿ ದುಗಪ್ಪ,
ಊರ್ಮಿಳಾ ಹೋಗಿ ಊಮಿಳಾ,
ಸರ್ವರಿಗೂ ಆದರದ ಸ್ವಾಗತ ಅನ್ನೂದು
ಸವರಿಗೂ.
ಅರಿಷಿಣ ಹಚ್ಚಿ ಅರ್ಧಾ ಹಂಚಿ ಆಗಿತ್ತು.
ಮದುವಿಗಂಡು ಪ್ರೆಸ್ಸಿಗೆ ಬಂದು ಕೇಳಿದ್ನಂತ:
"ನನ್ನ ಹೆಸರಿನ ಕೊಕ್ಕಿ ಯಾರು ಕಿತ್ತೀರಿ?"

ನಾ ಕಿತ್ತಿದ್ದು ಅಂತ ಯಾರಿಗೂ ಗೊತ್ತಿದ್ದಿಲ್ಲ.
ಮೂರು ದಿನ ತಡದೆ. ನಾಕನೇ ದಿನ ನಾನ ಹೋಗಿ
ಖಾಜಾಸಾಬ್ ನದಾಫರ ಮುಂದ ನಿಂತೆ.
ಮೊಳೆ ಜೋಡಿಸಿ ಮುದುಕ ಆದವರು,
ಉಗುರಿನ ಸಂದ್ಯಾಗ ಇನ್ನೂ ಮಸಿ.
ಬೈಲಿಲ್ಲ. ಅರ್ಧ ಚಾ ತರಿಸಿದ್ರು.
"ತಂಗಿ, ಹಸಿ ಪ್ರೂಫು ಗಿರಾಕಿ ಕೈಯಾಗ ಕೊಡೂದಿಲ್ಲ.
ಅದು ಮನಿಯೊಳಗಿನ ಹಾಳಿ. ಮುಟ್ಟಿದವರಿಗೆ ಹತ್ತತೈತಿ."

ಅವತ್ತಿಂದ ಆಣಿ ಹಾಕ್ಕೊಂಡೆ:
ಬರದವರು "ಆತು" ಅನ್ನೂತನಕ ಕಟ್ಟೂದಿಲ್ಲ.
ಹೆಪ್ಪು ಹಾಕಿದ ಗಡಿಗಿ ಅಲಗಾಡಸೂದಿಲ್ಲ.

ಆದ್ರ ಇವತ್ತ ಮಧ್ಯಾಹ್ನ
ನೇಕಾರ ಸಂಘದ ಅಂಬೂಬಾಯಿ ಕಬಾಡಿ
ರಸೀದಿ ಪುಸ್ತಕ ತಂದು ನನ್ನ ಮುಂದ ತಗದಳು.
ವಸ್ತ್ರ ಅನ್ನೂ ಶಬ್ದದಾಗ
ಎರಡೂ ಒತ್ತು ಒಂದರ ಮ್ಯಾಲೊಂದು ಬಿದ್ದು
ಸಿಕ್ಕಾದ ನೂಲಿನಂಗ ಕರೀ ಗಂಟು.
"ಎರಡು ವರ್ಷ ಆತವಾ ಹಿಂಗ.
ನಾವು ಮಾರೂದ ವಸ್ತ್ರ.
ಅದೊಂದರ ನೆಟ್ಟಗ ಬರಬಾರದ?"

ನಿಮ್ಮ ಪಕ್ಕಾ ಆವೃತ್ತಿ ನನ್ನ ಪಕ್ಕಾ ತಪ್ಪು,
ಅಂತ ಆಕಿ ಅನಲಿಲ್ಲ. ನಾನ ಅಂದಕೊಂಡೆ.

ಮೂರು ಪಾಯಿಂಟ್ ಒಂಬತ್ತರಾಗ ಅದು ಬರತೈತಿ.
ನೋಡೀನಿ. ಸ ಕೆಳಗ ತ, ತ ಮಗ್ಗಲ ರ,
ಹಾಸಿಗೆ ಹಾಸು, ಹೊಕ್ಕಿಗೆ ಹೊಕ್ಕು.
ಪೂರಾ ಯಾವಾಗ ಮುಗೀತೈತಿ ಅಂದ್ರ
ಹದಿನೆಂಟು ತಿಂಗಳಿಂದ ಒಂದ ಉತ್ತರ:
ಪರೀಕ್ಷಾ ಮಾಡವರು ಸಾಲವಲ್ರು.

ಖಾಜಾಸಾಬರಿಗೆ ಫೋನ್ ಹಚ್ಚಿದೆ.
ಭಾಳೊತ್ತು ಕೆಮ್ಮಿದ್ರು.
"ಒಂದು ಮಾತು ಅವತ್ತ ಹೇಳೂದು ಬಿಟ್ಟಿದ್ನಿ.
ಗಿರಾಕಿಗೆ ಕೊಡೂದಿಲ್ಲ, ಖರೆ.
ಆದ್ರ ಪ್ರೂಫನ್ನ ಕಪಾಟಿನಾಗಿಟ್ಟು ಕೀಲಿ ಹಾಕಿದ್ರ
ತಪ್ಪು ಅದರಾಗ ಒಣಗತೈತಿ.
ಓದಾವ ಒಬ್ಬ ಬೇಕು. ಇದು ಹಸೀದು ಅಂತ
ಗೊತ್ತಿದ್ದು ಓದಾವ."

ಹನ್ನೆರಡಕ್ಕ ಕಟ್ಟಿದೆ.
ಎಲ್ಲಾರ ಮನಿಗೆ ತಾನ ಹೋಗೂ ಚೀಲದಾಗ ಅಲ್ಲ,
ಬ್ಯಾರೆ ಹಲಗಿ ಮ್ಯಾಲ, ಹೆಸರಿನ ಮುಂದ "ಹಸಿ" ಅಂತ ಬರದು.
ಬೇಕಾದವರು ಬಾಯಿಬಿಟ್ಟು ಕೇಳಬೇಕು.
ಮೊದಲ ನನ್ನ ಯಂತ್ರಕ್ಕ ಹಾಕ್ಕೊಂಡೆ.

ದುರ್ಗಪ್ಪ. ಕೊಕ್ಕಿ ಐತಿ.
ಊರ್ಮಿಳಾ. ಐತಿ.
ವಸ್ತ್ರ. ವಸ್ತ್ರ. ವಸ್ತ್ರ.
ಸಂಘಕ್ಕ ಕೊಟ್ಟ ಬಿಡಲೇನು ಅನಸ್ತು.
ಸುಮ್ಮನ, ಕೈ ಹೋದ ಕಡೆ,
ಕರ್ತೃ ಅಂತ ಹೊಡದೆ.

ಒಡೀತು.

ಫ್ಯಾನಿನ ಕೆಳಗ ಕುಂತು ಬರ್ಯಾಕತ್ತೇನಿ ಅವರಿಗೆ:
ಯಾವ ಒತ್ತು, ಎಷ್ಟು ಸರದೈತಿ, ಯಾವ ಅಳತ್ಯಾಗ.
ಬೆಳಿಗ್ಗೆ ಅಂಬೂಬಾಯಿ ಬರತಾಳ.
ಆಕಿ ರಸೀದ್ಯಾಗ ಕರ್ತೃ ಅನ್ನೂ ಶಬ್ದ
ಎಲ್ಯಾರ ಐತೇನು, ನೋಡಬೇಕು.