ದಾರಕ್ಕ ಕಟ್ಟಿದ ಪೆನ್ನು

ಲಿಂಗಸುಗೂರು ರೋಡಿಗೆ, ಹಾಸ್ಟೆಲ್ ಗೇಟಿನ ಎದುರು
ನನ್ನ ಅಂಗಡಿ. ಬೋರ್ಡ್ ಬರೆಸಿದೆ, ಫ್ರಿಜ್ ತಂದೆ,
‘ಹತ್ತಕ್ಕ ಒಂದು ಫ್ರೀ’ ಅಂತ ಬ್ಯಾನರ್ ಕಟ್ಟಿಸಿದೆ.
ಹುಡುಗರು ಬಂದರು,
ಬ್ಯಾನರಿನ ನೆರಳಾಗ ನಿಂತು ಬಸ್ಸಿಗೆ ಕಾದರು.

ಒಂದಿನ ಮಸ್ಕಿ ಕಡೆ ಹುಡುಗಿ, ಮೂಗಿನ ಮ್ಯಾಲ ಬೆವರು:
‘ಕಾಕಾ, ರೆಕಾರ್ಡ್ ಹಾಳಿ ಒಂದ ಕೊಡ್ತೀರೇನು? ಒಂದ.’
ಬಂಡಲ್ ಬಿಚ್ಚಿದರ ಉಳಿದದ್ದು ಯಾರು ಒಯ್ತಾರ?
ಬಿಚ್ಚಿದೆ.

ಅವತ್ತಿನಿಂದ ಎಲ್ಲಾ ಬಿಡಿ.
ಒಂದು ತತ್ತಿ, ಒಂದು ಚಮಚ ಕಾಫಿಪುಡಿ,
ಅರ್ಧ ಲಿಂಬಿಹಣ್ಣು,
ಪರೀಕ್ಷೆ ಫಾರ್ಮಿನ ಫೋಟೋಕ್ಕ ಬೆರಳ ತುದಿಯಷ್ಟು ಗೋಂದು
(ಅದಕ್ಕ ರೊಕ್ಕ ತಗೊಳ್ಳಂಗಿಲ್ಲ).
ಉದ್ದರಿ ಪುಸ್ತಕದಾಗ ಹೆಸರಿಲ್ಲ, ರೂಮ್ ನಂಬರ್ ಅಷ್ಟ:
ನಲವತ್ತೊಂದು. ಜ್ವರ. ಬ್ರೆಡ್ಡು.

ಗಲ್ಲಾದ ಬಾಜೂಕ ದಾರ ಕಟ್ಟಿ ಪೆನ್ನು ಇಳಿಬಿಟ್ಟೀನಿ.
ತಿಂಗಳಿಗೆ ಎರಡು ಸಲ ದಾರ ಅಷ್ಟ ಉಳಿತದ.
‘ಸರಪಳಿ ಹಾಕು ಹುಸೇನಪ್ಪ’ ಅಂತಾನ
ಪಂಕ್ಚರ್ ಅಂಗಡಿ ಮೌಲಾಸಾಬ.

ನಿನ್ನೆ ಒಬ್ಬಾತ ಬಂದ.
ಕಿಸೆದಾಗ ನಂದ ಪೆನ್ನು,
ದಾರದ ತುಂಡು ಇನ್ನೂ ಜೋತಾಡ್ತಿತ್ತು.
‘ಕಾಕಾ, ಇದಕ್ಕ ರೀಫಿಲ್ ಅದ ಏನ್ರಿ?’

ಅದ ಅಂದೆ. ಐದು ರೂಪಾಯಿ.