ಬರ್ತೇನಿ ಅನಬಾರದು

ಸತ್ತ ಮನಿಯಿಂದ ಹೊರಡೂ ಮುಂದ
ಬರ್ತೇನಿ ಅನಬಾರದು.
ಇಷ್ಟು ನಮ್ಮವ್ವ ಕಲಿಸಿದ್ದು, ನನಗಿನ್ನೂ ಏಳು ತುಂಬಿರಲಿಲ್ಲ,
ಬೆಟಗೇರಿಯ ಹಟಗಾರ ಓಣಿಯಾಗ
ಯಾರದೋ ಕಟ್ಟಿ ಇಳಿಯೂ ಮುಂದ ಅಂಗೈಲೆ ನನ್ನ ಬಾಯಿ ಮುಚ್ಚಿ.
ಸುಮ್ಮನ ಏಳಬೇಕು. ಸೆರಗು ಝಾಡಿಸಬಾರದು.
ಹೊಳ್ಳಿ ನೋಡಬಾರದು.

ಉಳಿದದ್ದು ನಾನಾಗೇ ಕಲಿತೆ.
ನಸುಕಿನ್ಯಾಗ ಯಾರರೆ ಚಿಲಕಾ ಬಡದರ
ನನಗಿಂತ ಮೊದಲು ನನ್ನ ಚಪ್ಪಲಿಗೆ ಎಚ್ಚರ ಆಗತಿತ್ತು.
ಹೋದಕೂಡಲೆ ಅಳಬಾರದು, ಅಳಾಕ ಅಲ್ಲಿ ಮಂದಿ ಇರತಾರ.
ಒಲಿ ಮ್ಯಾಲೆ ಹಾಲಿದ್ದರ ಇಳಿಸಬೇಕು.
ದವಡಿಗೆ ಅರಿವಿ ಕಟ್ಟಬೇಕು,
ಮೈ ಬಿಸಿ ಇದ್ದಾಗ ಕಾಲು ಮಡಚಿ
ಗ್ವಾಡಿಗೆ ಆನಿಸಿ ಕುಂದರಿಸಬೇಕು;
ಒಮ್ಮೆ ಸೆಟೆದರಂದ್ರ
ಯಾವ ಸ್ವಾಮಿ ಹೇಳಿದರೂ ಕುಂದರೂದಿಲ್ಲ.

ಸೊರಟೂರಿನ ಮಗಳಿಗೆ ಫೋನ್ ಹಚ್ಚಿ
ಹೋದರು ಅನಬಾರದು, ಭಾಳ ಸೀರಿಯಸ್ ಐತಿ ಅನಬೇಕು.
ಆಕಿಗೂ ಗೊತ್ತಾಗಿರತೈತಿ.
ಗೊತ್ತಿಲ್ಲದಂಗ ಬಸ್ಸು ಹತ್ತತಾಳ,
ಗೊತ್ತಿಲ್ಲದಂಗ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಇಸಗೋತಾಳ,
ಓಣಿ ತಿರುವಿಗೆ ಬಂದಮ್ಯಾಲೆ ಬಾಯಿ ತಗೀತಾಳ.
ಉಳಿದವರು ಕೇಳೂದು ಒಂದ: ಮಣ್ಣು ಎಷ್ಟೊತ್ತಿಗೆ?
ಅದೊಂದಕ್ಕ ಖರೇ ಹೇಳಬೇಕು.

ಆ ಮನಿಯಾಗ ಒಲಿ ಹತ್ತೂದಿಲ್ಲ.
ರೊಟ್ಟಿ, ಝುಣಕ ನಮ್ಮ ಮನಿಯಿಂದ.
ಉಣ್ಣಂಗಿಲ್ಲ ಅಂದವರ ಮುಂದ ಗಂಗಾಳ ಇಟ್ಟು
ಬ್ಯಾರೆ ಕಡೆ ನೋಡಬೇಕು; ನೋಡಿದರ ಉಣ್ಣೂದಿಲ್ಲ.
ಡಬ್ಬಿ ಖಾಲಿ ಬಂದರ ಏನೂ ಅನಕೋಬಾರದು,
ಬರೂದ ಇಲ್ಲ ಅಂದರ ಕೇಳಬಾರದು.
ದಾಕ್ಷಾಯಣಿ ಮನ್ಯಾಗ ನನ್ನ ಎರಡು ಡಬ್ಬಿ ಇನ್ನೂ ಅದಾವ,
ಆಕಿ ಅತ್ತಿ ಸತ್ತು ಹನ್ನೊಂದು ವರ್ಷಾತು.

ಹೋದ ಶ್ರಾವಣದಾಗ ಪಾಳಿ ನಮ್ಮ ಮನಿಗೆ ಬಂತು.

ನಲವತ್ತು ವರ್ಷ ಮಗ್ಗದ ಕುಣಿಯಾಗ ಕಾಲು ಬಿಟ್ಟು ಕುಂತವ.
ಕುಣಿ ತೋಡೂ ಫಕೀರಪ್ಪ ಅಳತಿ ಕೇಳಲಿಲ್ಲ.
ಗೊತ್ತೈತಿ ಬಿಡ್ರಿ, ಅಂದ, ದಿನಾ ನೋಡೇನಿ.

ಎಲ್ಲಾರೂ ಸರಿಯಾಗೇ ಮಾಡಿದರು.
ಯಾರೋ ನನ್ನ ಒಲಿ ಮ್ಯಾಲಿನ ಹಾಲು ಇಳಿಸಿದರು.
ಗಂಗಾಳ ಇಟ್ಟು ಬ್ಯಾರೆ ಕಡೆ ನೋಡಿದರು. ನಾನೂ ಉಂಡೆ.
ಆಮ್ಯಾಲೆ ಒಬ್ಬೊಬ್ಬರ ಎದ್ದರು:
ಬಸ್ಸು ಇದ್ದವರು, ಕರಾ ಇದ್ದವರು,
ಕಾಲು ತೊಳಿಯಾಕ ಅಂತ ಹೋದವರು.
ಯಾರೂ ಒಂದು ಮಾತು ಅನಲಿಲ್ಲ, ಅನಬಾರದಲ್ಲ.
ಕಣ್ಣೀರು ಒರಸಿಕೊಂಡು ನೋಡೂದರಾಗ
ಜಮಖಾನಿ ಮ್ಯಾಲೆ ಕುಂತವರ ಸುಕ್ಕು ಅಷ್ಟ ಉಳಿದಿತ್ತು.
ಇಷ್ಟು ವರ್ಷ ನಾನೂ ಹಿಂಗ ಎದ್ದು ಬಂದೆನೇನು,
ಎಷ್ಟು ಮನಿಯಿಂದ,
ಎಷ್ಟು ಮಂದಿಯ ಬೆನ್ನ ಹಿಂದಿನಿಂದ?

ಹದಿನೆಂಟನೇ ದಿನ ನಗರಸಭೆಗೆ ಹೋದೆ.
ಇಪ್ಪತ್ತೊಂದರೊಳಗ ಬರಸಬೇಕು, ಮಂದಿಗೆ ನಾನ ಹೇಳತಿದ್ದೆ;
ಹತ್ತು ಪ್ರತಿ ತಗೋರಿ, ಬ್ಯಾಂಕಿಗೊಂದು, ಗ್ಯಾಸಿಗೊಂದು ಅಂತ.
ಗುಮಾಸ್ತ ಚಸಮಾ ಏರಿಸಿದ.
ಆಧಾರದಾಗ ಸಂಗನಬಸಪ್ಪ,
ರೇಶನ್ ಕಾರ್ಡಿನ್ಯಾಗ ಸಂಗಬಸಪ್ಪ.
ಅಜ್ಜಿ, ಇದರಾಗಿನವರು ಸತ್ತಾರ,
ಇದರಾಗಿನವರು ಇನ್ನೂ ಅದಾರ ನೋಡ್ರಿ.
ನಗಬಾರದಂತ ನಾಲಿಗಿ ಕಡಕೊಂಡ. ನಾನ ನಕ್ಕೆ.
ಒಂದು ಅಕ್ಷರದ ಸಂದ್ಯಾಗ
ಆ ಮನಿಶಾ ಎಲ್ಲಿ ಅಡಗಿ ಕುಂತಾನ ಅಂತ.

ಕಾಗದಾ ನನ್ನ ಕಡೆ ಸರಿಸಿದ.
ಅಫಿಡವಿಟ್ ಮಾಡಿಸಿಕೊಂಡು ಸೋಮವಾರ ಬರ್ರಿ, ಅಂದ.

ಬರ್ರಿ.

ಅಷ್ಟು ದಿನದಾಗ ಯಾರೂ ಅಂದಿರಲಿಲ್ಲ.
ಚೀಲದಾಗ ಇಬ್ಬರ ಹೆಸರನ್ನೂ ಮಡಚಿ ಇಟಕೊಂಡು ಎದ್ದೆ,
ಬಾಗಿಲದಾಗ ನಿಂತೆ, ಹೊಳ್ಳಿ ನೋಡಿದೆ,
ಬರ್ತೇನ್ರಿ, ಅಂದೆ.