ಬಿಟ್ಟ ಸ್ಥಳ ತುಂಬಿರಿ

ಎಂಟನೇ ಬಿ. ಮೂವತ್ತೊಂದು ಉತ್ತರಪತ್ರಿಕೆ.
ಕುಂಬಳೆ ಸ್ಟೇಷನ್ನಿನ ಸಿಮೆಂಟು ಬೆಂಚಿನಲ್ಲಿ
ಗಾಡಿ ತಡವೆಂದು ಮೂರು ಭಾಷೆಯಲ್ಲಿ
ಹೇಳಿ ಮುಗಿಸುವಷ್ಟರಲ್ಲಿ
ಐದಕ್ಕೆ ಕೆಂಪು ಎಳೆದಾಗಿತ್ತು ನಾನು.

ಪ್ರಶ್ನೆ ನಾಲ್ಕು: ದೇಶದ ಹೆಸರು ಕೊಟ್ಟಿದೆ, ಗುಣವಾಚಕ ಬರೆಯಿರಿ.
ಹಾಲೆಂಡಿಗೆ ಹಾಲೆಂಡಿಯನ್ ಎಂದಿದ್ದಾನೆ ಪವನರಾಜ,
ಡೆನ್ಮಾರ್ಕಿಗೆ ಡೆನ್ಮಾರ್ಕಿ.
ಅವನದೇನು ತಪ್ಪು? ನಮಗೆ ಒಂದು 'ಇನ' ಸಾಕು:
ಹಾಲೆಂಡಿನ ಹಸು, ಡೆನ್ಮಾರ್ಕಿನ ಬೆಣ್ಣೆ, ಮೊಗ್ರಾಲಿನ ಮಾವ,
ಎಲ್ಲರ ಬೆನ್ನಿಗೂ ಅದೇ ಕೊಕ್ಕೆ.
ಇಂಗ್ಲಿಷಿನವರು ಮಾತ್ರ
ದೇಶಕ್ಕೊಂದು ಬೀಗದಕೈ ಮಾಡಿಸಿ
ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ ಹೋದರು.

ಹೇಳಿಕೊಟ್ಟಿದ್ದೆ, ಜುಲೈಯಲ್ಲಿ, ಬೋರ್ಡು ತುಂಬ.
ಡಚ್ಚರ ದೇಶದ ಹೆಸರಲ್ಲಿ ಎಲ್ಲಿಯೂ ಡಚ್ ಇಲ್ಲ.
ಸ್ವಿಸ್ ಒಬ್ಬನಾದರೂ ಸ್ವಿಸ್, ಊರಿಡೀ ಬಂದರೂ ಸ್ವಿಸ್.
ಫಿಲಿಪೀನ್ಸಿಗೆ ಪಿ ಮತ್ತು ಎಚ್, ಅಲ್ಲಿಯ ಮನುಷ್ಯನಿಗೆ ಎಫ್.
"ಕನ್ನಡದಲ್ಲಿ ಎರಡೂ ಫ ಅಲ್ಲವಾ ಟೀಚರ್?"
ಹೌದು ಮಾರಾಯ, ಕನ್ನಡದಲ್ಲಿ ಬದುಕು ಸುಲಭ.
ಅಫ್ಘಾನಿ ಅಂದರೆ ನೋಟು, ಅಫ್ಘಾನ್ ಅಂದರೆ ಮನುಷ್ಯ,
ಮನುಷ್ಯನನ್ನು ನೋಟಿನ ಹೆಸರಲ್ಲಿ ಕರೆಯಬೇಡಿ.
ಮತ್ತೆ, ಇವರೆಲ್ಲರ ಮೊದಲಕ್ಷರ ದೊಡ್ಡದು.
ಅದೊಂದೇ ಅವರಿಗೆ ಎಷ್ಟು ಹೇಳಿದರೂ ಹಿಡಿಸದ್ದು.
ನಮ್ಮ ಲಿಪಿಯಲ್ಲಿ
ರಾಜನಿಗೂ ರಾಗಿಗೂ ಒಂದೇ ರಾ.

ಹದಿನೇಳನೆಯದು ಮಿಸ್ರಿಯಾಳದು. ದುಂಡಕ್ಷರ.
ಫ್ರಾನ್ಸ್ ಸರಿ, ಗ್ರೀಸ್ ಸರಿ,
ಪೋಲೆಂಡ್ ಕೂಡ ಸರಿ, ಉಳಿದವರೆಲ್ಲ
ಬೂಟಿಗೆ ಹಚ್ಚುವ ಪಾಲಿಶೆಂದು ನಕ್ಕು ಮರೆತದ್ದು.
ಈಜಿಪ್ಟಿನ ಎದುರು ಮಾತ್ರ ಬಿಳಿ.
ಪೆನ್ಸಿಲಿನ ಮೊನೆ ಇಟ್ಟು ತೆಗೆದ ಒಂದು ಚುಕ್ಕೆ.
ಸೊನ್ನೆ ಹಾಕಿದೆ.

ರಕ್ಷಕರ ಸಹಿಗೆ ಬಂದವರು ಅವಳ ಅಜ್ಜ ಅಂದುಞಿ,
ಸರಕು ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ
ಈರುಳ್ಳಿ ಕೊಯ್ದವರು.
ಸೊನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಒದ್ದೆಯೋ ಎಂಬಂತೆ.
"ಇವಳು ಹುಟ್ಟಿದ ಫೋನು ಬರುವಾಗ ಟೀಚರೇ,
ಸೂಯೆಜಿನಲ್ಲಿ ಸಾಲು ಕಾಯುತ್ತಾ ಇದ್ದೆವು.
ಎರಡೂ ಕಡೆ ಮರಳು, ನಡುವೆ ನಮ್ಮ ಹಡಗು.
ಹೆಸರು ಹೇಳಿ ಅಂದರು ಮನೆಯವರು.
ಎದುರಿಗೆ ಕಂಡದ್ದನ್ನೇ ಹೇಳಿದೆ.
ಮಿಸ್ರ್ ಅಂದರೆ ಈಜಿಪ್ಟು. ಅಲ್ಲಿಯವಳು ಮಿಸ್ರಿಯಾ."

ನಾನು ಹುಡುಗಿಯ ಕಡೆ ತಿರುಗಿದೆ.
ಗೊತ್ತಿತ್ತಲ್ಲ ನಿನಗೆ, ಮತ್ತೆ ಯಾಕೆ ಬರೆಯಲಿಲ್ಲ?
"ಮೇಲೆಯೇ ಬರೆದಾಗಿತ್ತಲ್ಲ ಟೀಚರ್,
ಹೆಸರು ಅಂತ ಇರುವಲ್ಲಿ."

ಇಂಗ್ಲಿಷಿನ ಲೆಕ್ಕಕ್ಕೆ ಇದು ಉತ್ತರ ಅಲ್ಲ.
ಸೊನ್ನೆ ಹೊಡೆದು ಅರ್ಧ ಕೊಟ್ಟೆ.
ಇನ್ನರ್ಧ ಯಾರಲ್ಲಿ ಕೇಳಲಿ ಎಂಬಂತೆ ನೋಡಿದಳು,
ಆಮೇಲೆ ಕೇಳಿಯೇಬಿಟ್ಟಳು: "ಟೀಚರ್, ನಿಮ್ಮದು?"

ನನ್ನದು.
ಮಂಗಳೂರಿನ ಸೀರೆ ಅಂಗಡಿಯಲ್ಲಿ "ಕೇರಳದವರಾ?"
ತಿರುವನಂತಪುರದ ತರಬೇತಿಯಲ್ಲಿ, ಊಟದ ಸಾಲಿನಲ್ಲಿ, "ಕನ್ನಡಕ್ಕಾರಿ."
ಅಲ್ಲಿಯ ಸಹಿಯಲ್ಲಿ ಸಂಬಳ ಉಂಡು
ಕನ್ನಡದಲ್ಲಿ ಇಂಗ್ಲಿಷ್ ಕಲಿಸುವವಳ ಗುಣವಾಚಕ
ಗೊಂಚಲಲ್ಲಿ ಹುಡುಕಿದೆ. ಎಲ್ಲ ಕೈಗಳೂ ಬೇರೆಯವರ ಮನೆಯವು.

ನನ್ನಜ್ಜಿಗೆ ಇಷ್ಟು ಕಷ್ಟ ಇರಲಿಲ್ಲ.
ಹಡಗಿನಲ್ಲಿ ಬಂದದ್ದೆಲ್ಲ ಅವಳಿಗೆ ಸೀಮೆಯದು:
ಸೀಮೆಎಣ್ಣೆ, ಸೀಮೆಬದನೆ, ಸೀಮೆಹಸು.
ಯಾವ ಸೀಮೆ ಎಂದು ಒಬ್ಬರೂ ಕೇಳಲಿಲ್ಲ.
ಅದೇ ಮಾತಿಗೆ ಗಡಿ ಎಂದೂ ಅರ್ಥ ಉಂಟು, ಅವಳು ಹೇಳಿರಲಿಲ್ಲ.

"ನಾಳೆ ಹೇಳುತ್ತೇನೆ" ಅಂದೆ.
ಬೆಲ್ಲು ಹೊಡೆಯಿತು. ಅಂದುಞಿ ಮಲಯಾಳದಲ್ಲಿ ಸಹಿ ಹಾಕಿ
ಚಪ್ಪಲಿ ಹುಡುಕುತ್ತಾ ಹೊರಟರು.
ಬೋರ್ಡಿನ ಹತ್ತಿರ ನಿಂತ ನನ್ನ ಕೈಯಲ್ಲಿ ಗೇಣಿಗಿಂತ ಗಿಡ್ಡ
ಒಂದು ತುಂಡು ಸೀಮೆಸುಣ್ಣ.